ಹೊಟ್ಟೆಗೆ ಹಾಕಿಕೊಂಡದ್ದು

ಆಸ್ಪತ್ರೆಯ ತಕ್ಕಡಿ ನೂರೈವತ್ತಕ್ಕೇ ಕಣ್ಣು ಮುಚ್ಚಿತು.
ದಾದಿ ಅಂದಳು: ತಪ್ಪು ತಿಳಿಯಬೇಡಿ ದೋನ್ಯಾ ಗ್ರಿಸೆಲ್ದಾ,
ಸಂತೆಯಲ್ಲಿ ಈರುಳ್ಳಿ ಮೂಟೆ ತೂಗುವ ಕಡೆ
ಒಂದು ಸಲ ನಿಂತು ಬನ್ನಿ.

ನಿಂತೆ.
ಈರುಳ್ಳಿಯವನು ಮರ್ಯಾದಸ್ಥ. ಬೆನ್ನು ತಿರುಗಿಸಿ
ಬಂದರು ನೋಡುತ್ತ ಸಿಳ್ಳೆ ಹಾಕಿದ.
ಮುಳ್ಳು ನಡುಗಿ ನಡುಗಿ ನಿಂತ ಜಾಗವನ್ನು
ನಾನೇ ಓದಿ, ಚೀಟಿಯಲ್ಲಿ ಬರೆದು, ಕೋಟಿನ ಜೇಬಿಗಿಟ್ಟೆ.
ಇಳಿಯುವಾಗ, ತಿರುಗದೆಯೇ ಕೇಳಿದ: ಈರುಳ್ಳಿ ಬೇಕೆ?
ನಾಚಿಕೆಗೆ ಎರಡು ಕಿಲೊ ತಂದೆ.

ನಡೆಯಿರಿ ಅನ್ನುತ್ತಾರೆ, ದಿನಕ್ಕೆ ಅರ್ಧ ಗಂಟೆ.
ವಾಲ್ಪರೈಸೊದಲ್ಲಿ ನಡೆಯುವುದೆಂದರೆ
ಹತ್ತುವುದು, ಇಲ್ಲವೆ ಬೀಳುವುದು.
ನಮ್ಮ ಬಾಗಿಲಿಗೆ ನೂರ ಅರವತ್ತೆರಡು ಮೆಟ್ಟಿಲು.
ಒಂದೇ ಹಗ್ಗದಲ್ಲಿ ಒಂದು ಇಳಿದರೆ ಒಂದು ಏರುತ್ತಿದ್ದ
ಗುಡ್ಡದ ಗಾಡಿಗಳು, ಆ ಮುದಿ ಜೋಡಿ,
ಮುನಿಸಿಕೊಂಡು ನಿಂತು ಮೂರು ಚಳಿಗಾಲ.
ಮೀನು ಕಾರ್ಖಾನೆಯ ಒದ್ದೆ ನೆಲದಲ್ಲಿ ಜಾರಿದ ದಿನದಿಂದ
ಸೊಂಟದಲ್ಲಿ ಸರಳು, ಮಂಡಿಗಳಲ್ಲಿ ಜಲ್ಲಿಕಲ್ಲು.
ಮಂಡಿ ಬದಲಿಸಲು ತೂಕ ಇಳಿಯಬೇಕು,
ತೂಕ ಇಳಿಸಲು ಮಂಡಿ ನಡೆಯಬೇಕು.
ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು.
ಹದಿನೆಂಟು ವರ್ಷ ಆ ಗಾದೆಯ ಮೇಲೇ ಕುಂಟಿದ್ದೇನೆ.

ಡಾಕ್ಟರ್ ಇಬಕಾಚೆ ಇನ್ನೂ ಹುಡುಗ.
ಕಾಗದದಲ್ಲಿ ನನ್ನ ಜಠರ ಬರೆದು ಉದ್ದಕ್ಕೊಂದು ಗೆರೆ ಎಳೆದ.
ಇಷ್ಟು ಉಳಿಯುತ್ತದೆ, ಒಂದು ಬಾಳೆಹಣ್ಣಿನಷ್ಟು.
ಮಿಕ್ಕಿದ್ದು?
ತೆಗೆಯುತ್ತೇವೆ.
ಅದಲ್ಲ ಡಾಕ್ಟ್ರೇ, ತೆಗೆದು ಎಲ್ಲಿಡುತ್ತೀರಿ?
ಹುಡುಗ ಪೆನ್ನಿನ ಟೊಪ್ಪಿ ಹುಡುಕತೊಡಗಿದ.

ಕೇಳಲೇಬೇಕಿತ್ತು. ಅದು ಬರಿಯ ಚೀಲವಲ್ಲ.
ಅಪ್ಪನ ಬೆಲ್ಟನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ.
ಬೇರೆ ಮನೆಯ ಸೋಪು ಮೈಗೆ ಮೆತ್ತಿಕೊಂಡು
ರಿಗೊಬೆರ್ತೊ ಬರುತ್ತಿದ್ದ ಭಾನುವಾರಗಳನ್ನು,
ಪರಿಹಾರದ ಅರ್ಜಿ ನೋಡಿ ಮೇಸ್ತ್ರಿ ನಕ್ಕ ನಗೆಯನ್ನು,
ಬಸ್ಸಿನಲ್ಲಿ ಎರಡು ಟಿಕೆಟ್ ತಗೋ ಅಂದ ಪೋರನನ್ನು ಕೂಡ.
ಹೋಗಲಿ, ಹೋಗಲಿ ಎಂದು ಒಂದೊಂದನ್ನೂ ನುಂಗಿ
ಮೇಲೆ ಬಿಸಿ ಬ್ರೆಡ್ಡು ಮುಚ್ಚಿದ್ದೇನೆ.
ಬಾಳೆಹಣ್ಣಿನಷ್ಟು ಜಾಗದಲ್ಲಿ
ಇನ್ನು ಯಾರನ್ನು ಕ್ಷಮಿಸಲಿ?

ಕೆಳಮನೆಯ ಸುನಿಲ್ದಾ ಹೋದ ವರ್ಷ ಮಾಡಿಸಿಕೊಂಡಳು.
ಕೂದಲು ಉದುರಿತು. ತೋಳಿನ ತೊಗಲು
ತಂತಿಯ ಮೇಲಿನ ದಿಂಬಿನ ಚೀಲದಂತೆ ಜೋತಿತು.
ಎಂಪನಾಡದ ಅಂಚು ಕಚ್ಚಿ, ಅಗಿದು ಅಗಿದು,
ಉಳಿದದ್ದನ್ನು ಕರವಸ್ತ್ರದಲ್ಲಿ ಸುತ್ತುತ್ತಾಳೆ.
ಸುಖವೇನೇ? ಅಂದೆ.
ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.
ಮೊನ್ನೆ ಮಂಚದ ಕೆಳಗೆ ಒಂದು ಗುಂಡಿ ಬಿತ್ತು, ಅಂದಳು,
ನಾನೇ ಬಗ್ಗಿ ಎತ್ತಿಕೊಂಡೆ.

ಗುಂಡಿ. ಅಂಗಿಯ ಗುಂಡಿ.
ಆ ರಾತ್ರಿ ಹೊಟ್ಟೆಕಿಚ್ಚಿಗೆ ನಿದ್ದೆ ಹತ್ತಲಿಲ್ಲ.
ಎದ್ದು ಈರುಳ್ಳಿ ಹೆಚ್ಚಿದೆ, ಸುಮ್ಮನೆ,
ಅಳುವುದಕ್ಕೆ ನೆಪ ಮನೆಯಲ್ಲೇ ಇತ್ತಲ್ಲ.

ಇವತ್ತು ಹೊರಟಿದ್ದೇನೆ.
ಒಪ್ಪಿಗೆ ಪತ್ರ ಜೇಬಿನಲ್ಲಿ, ಸಂತೆಯ ಚೀಟಿಯ ಪಕ್ಕ.
ಎಪ್ಪತ್ತೊಂದನೆಯ ಮೆಟ್ಟಿಲು ಕುಂಟನಾಯಿಯದು.
ಅದು ಒಂದಿಷ್ಟು ಸರಿಯಿತು, ಕೂತೆ.
ಪತ್ರವನ್ನು ತೊಡೆಯ ಮೇಲೆ ಹರಡಿದೆ.
ತೊಡೆ ಅಗಲ, ಮೇಜಿನ ಹಾಗೆ. ಇಷ್ಟಕ್ಕಾದರೂ ಒದಗಿತು.
ಹೆಸರಿನ ಮೊದಲಕ್ಷರ ಮೂಡುವಷ್ಟರಲ್ಲಿ
ಪೆನ್ನು ಜಾರಿ, ಉರುಳಿ,
ಕೆಳಗೆ ಹೋಗಿ ನಿಂತಿತು.

ನಾಯಿ ಪೆನ್ನನ್ನು ನೋಡಿತು. ಆಮೇಲೆ ನನ್ನನ್ನು.
ಎರಡೇ ಮೆಟ್ಟಿಲು.